ಬಣ್ಣ ಕಳಚದ ವೇಷ: ಐಸ್ ಹಾಕಿಯ ಎರಡು ಪುಸ್ತಕಗಳು

ಹಾಕಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣೆದುರು ಬರುವುದು ಹುಲ್ಲಿನ ಮೈದಾನ, ಧ್ಯಾನಚಂದರ ಹೆಸರು, ಇಲ್ಲವೆ ಮನೆತನಕ್ಕೊಂದು ತಂಡ ಕಟ್ಟಿಕೊಂಡು ಕಣಕ್ಕಿಳಿಯುವ ಕೊಡಗಿನ ಹಾಕಿ ಹಬ್ಬ. ಕೆನಡಾದಲ್ಲಿ ಆ ಹೆಸರಿನ ಅರ್ಥವೇ ಬೇರೆ. ಅಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ೨೦೦ ಅಡಿ ಉದ್ದ, ೮೫ ಅಡಿ ಅಗಲದ ಅಂಗಳ; ಸುತ್ತ ಗೋಡೆ, ಗೋಡೆಯ ಮೇಲೆ ಗಾಜು. ಒಂದು ಕಡೆಗೆ ಆರು ಜನ. ಕಾಲಿಗೆ ಉಕ್ಕಿನ ಅಲಗಿನ ಬೂಟು, ಕೈಗೆ ಕೋಲು, ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಆರು ಔನ್ಸ್ ತೂಕದ ಆ ಬಿಲ್ಲೆ ಬಲವಾದ ಹೊಡೆತಕ್ಕೆ ಗಂಟೆಗೆ ೧೬೦ ಕಿಲೋಮೀಟರ್ ವೇಗವನ್ನೂ ಮೀರಿ ಹಾರುತ್ತದೆ. ಬಿಲ್ಲೆ ಹಿಡಿದ ಎದುರಾಳಿಯನ್ನು ಮೈಯಿಂದ ಗುದ್ದಿ ಗೋಡೆಗೆ ಒತ್ತುವುದು ಅಲ್ಲಿ ತಪ್ಪಲ್ಲ. ಆಟದ ಒಂದು ಅಂಗ. ಇನ್ನೂ ಒಂದು ವಿಶೇಷವುಂಟು. ಉತ್ತರ ಅಮೆರಿಕದ ವೃತ್ತಿಪರ ಪಂದ್ಯದಲ್ಲಿ ಇಬ್ಬರು ಕೈಗವಸು ಬಿಸುಟು ಮುಷ್ಟಿಯುದ್ಧಕ್ಕೆ ನಿಂತರೆ, ತೀರ್ಪುಗಾರರು ಸಾಮಾನ್ಯವಾಗಿ ಒಬ್ಬ ಕೆಳಗೆ ಬೀಳುವ ತನಕ ಕಾದು, ಆಮೇಲೆ ಬಿಡಿಸಿ, ಇಬ್ಬರನ್ನೂ ಐದು ನಿಮಿಷ ಹೊರಗೆ ಕೂರಿಸುತ್ತಾರೆ. ಐದು ನಿಮಿಷ ಕಳೆದರೆ ಮತ್ತೆ ಆಟ.

ಈ ಆಟದ ಗಾಯಗಳನ್ನು ಕುರಿತ ಎರಡು ಪುಸ್ತಕಗಳನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ. ಒಂದು, ಅಮೆರಿಕದ ಪತ್ರಕರ್ತ ಜಾನ್ ಬ್ರಾಂಚ್ ೨೦೧೪ರಲ್ಲಿ ಹೊರತಂದ ‘ಬಾಯ್ ಆನ್ ಐಸ್’. ಇನ್ನೊಂದು, ಕೆನಡಾದ ಕೆನ್ ಡ್ರೈಡನ್ ೨೦೧೭ರಲ್ಲಿ ಪ್ರಕಟಿಸಿದ ‘ಗೇಮ್ ಚೇಂಜ್’. ಎರಡೂ ಹೊಸ ಪುಸ್ತಕಗಳಲ್ಲ. ದೂರದ ದೇಶದ, ನಾವು ಯಾರೂ ಆಡದ ಆಟವೊಂದರ ಪುಸ್ತಕಗಳು ಈ ಪತ್ರಿಕೆಯ ಪುಟಗಳಲ್ಲಿ ಏಕೆ ಎಂದು ಓದುಗರು ಕೇಳಬಹುದು. ಮಕ್ಕಳು ಟೊರಾಂಟೊ ಕಡೆ ನೆಲೆಸಿ, ಮೊಮ್ಮಗ ಬೂಟು ಕಟ್ಟಿಕೊಂಡು ಮಂಜಿನ ಮೇಲೆ ನಿಂತ ಚಿತ್ರವನ್ನು ಗೋಡೆಗೆ ತೂಗುಹಾಕಿದ ಮನೆಗಳು ನಮ್ಮ ನಡುವೆ ಇಲ್ಲದಿಲ್ಲ ಎಂಬುದು ಒಂದು ಉತ್ತರ. ಆದರೆ ಅದಕ್ಕಿಂತ ದೊಡ್ಡ ಕಾರಣವಿದೆ. ಪರರ ನೋವನ್ನು ಪುಸ್ತಕವಾಗಿಸುವವನು ಹೇಗೆ ಬರೆಯಬೇಕು, ಓದುವವನು ಹೇಗೆ ಓದಬೇಕು ಎಂಬ ಪ್ರಶ್ನೆ ಎಲ್ಲ ಭಾಷೆಗೂ ಸೇರಿದ್ದು. ಆ ಪ್ರಶ್ನೆಯನ್ನು ಈ ಎರಡು ಪುಸ್ತಕಗಳಷ್ಟು ನೇರವಾಗಿ ನಮ್ಮ ಮುಂದಿಟ್ಟ ಬರಹ ಈಚೆಗೆ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಮೊದಲನೆಯ ಪುಸ್ತಕದ ನಾಯಕ ಡೆರೆಕ್ ಬೂಗಾರ್ಡ್. ೧೯೮೨ರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಹುಟ್ಟಿದವನು. ತಂದೆ ಪೊಲೀಸು, ವರ್ಗವಾದ ಕಡೆಗೆಲ್ಲ ಸಂಸಾರ ಗಂಟುಮೂಟೆ ಕಟ್ಟಬೇಕು. ಹುಡುಗ ವಯಸ್ಸಿಗೆ ಮೀರಿ ಬೆಳೆದ. ಕೊನೆಗೆ ಆರಡಿ ಏಳಂಗುಲ. ಓದಿನಲ್ಲಿ ಹಿಂದೆ, ಮಾತಿನಲ್ಲಿ ಸಂಕೋಚ, ಮಂಜಿನ ಮೇಲೂ ಚುರುಕಿಲ್ಲ. ಆದರೆ ಹದಿನೈದರ ವಯಸ್ಸಿನಲ್ಲಿ ಒಂದು ದಿನ ಸಿಟ್ಟು ನೆತ್ತಿಗೇರಿ, ಎದುರು ತಂಡದವರು ಕುಳಿತ ಬೆಂಚಿಗೇ ನುಗ್ಗಿ ಕೈಗೆ ಸಿಕ್ಕವರನ್ನೆಲ್ಲ ಹೊಡೆದ. ಊರವರು ನಾಚಿದರು. ಪ್ರೇಕ್ಷಕರ ನಡುವೆ ಕುಳಿತು ಆಟಗಾರರನ್ನು ಆರಿಸಲು ಬಂದಿದ್ದವರು ಮಾತ್ರ ಅವನ ಹೆಸರನ್ನು ಬರೆದುಕೊಂಡರು. ಅವನ ಹಣೆಬರಹ ಬರೆದದ್ದು ಆ ದಿನವೇ. ಗೋಲು ಹೊಡೆಯಲು ಬಾರದವನಿಗೆ ಹೊಡೆದಾಡುವ ಕೆಲಸ ಸಿಕ್ಕಿತು.

ಐಸ್ ಹಾಕಿಯಲ್ಲಿ ಈ ಕೆಲಸಕ್ಕೆ ಎನ್‌ಫೋರ್ಸರ್ ಎಂಬ ಹೆಸರಿದೆ. ನಾವು ಕಾವಲಿನ ಜಟ್ಟಿ ಎನ್ನೋಣ. ತನ್ನ ತಂಡದ ಜಾಣ ಆಟಗಾರನ ಮೈಮುಟ್ಟಿದವರಿಗೆ ಬುದ್ಧಿ ಕಲಿಸುವುದು, ಮುಟ್ಟುವ ಮೊದಲೇ ಹೆದರಿಸುವುದು ಅವನ ಹೊಣೆ. ಬೂಗಾರ್ಡ್ ೨೦೦೫ರಲ್ಲಿ ನ್ಯಾಷನಲ್ ಹಾಕಿ ಲೀಗಿನ ಮಿನೆಸೋಟ ತಂಡಕ್ಕೆ ಏರಿದ. ಅಲ್ಲಿಯೂ, ಆಮೇಲೆ ನ್ಯೂಯಾರ್ಕ್ ರೇಂಜರ್ಸ್ ತಂಡದಲ್ಲಿಯೂ ಸೇರಿ ಅವನು ಆಡಿದ ಪಂದ್ಯಗಳು ೨೭೭. ಹೊಡೆದ ಗೋಲುಗಳು ಮೂರು. ಶಿಕ್ಷೆಯಾಗಿ ಹೊರಗೆ ಕುಳಿತ ಹೊತ್ತು ೫೮೯ ನಿಮಿಷ. ೨೦೦೬ರಲ್ಲಿ ಅವನ ಒಂದೇ ಗುದ್ದಿಗೆ ಟಾಡ್ ಫೆಡೊರಕ್ ಎಂಬ ಇನ್ನೊಬ್ಬ ಜಟ್ಟಿಯ ಕೆನ್ನೆಯ ಮೂಳೆ ಪುಡಿಯಾಗಿ, ಲೋಹದ ಪಟ್ಟಿ ಹಾಕಿ ಜೋಡಿಸಬೇಕಾಯಿತು. ಮರು ವರ್ಷ ಅದೇ ಫೆಡೊರಕ್ ಮಿನೆಸೋಟ ತಂಡ ಸೇರಿ ಬೂಗಾರ್ಡನ ಜೊತೆಗಾರನಾದ. ಇಬ್ಬರ ನಡುವೆ ವೈರವಿರಲಿಲ್ಲ. ಅದು ಉದ್ಯೋಗ, ಅಷ್ಟೆ.

ಮುಷ್ಟಿ ಮುರಿಯಿತು, ಬೆನ್ನು ನೋಯಿತು, ಹಲ್ಲು ಹೋಯಿತು, ತಲೆಗೆ ಏಟಿನ ಮೇಲೆ ಏಟು ಬಿತ್ತು. ನೋವಿನ ಗುಳಿಗೆಗಳು ಬಂದವು. ತಂಡದ ಒಬ್ಬ ವೈದ್ಯರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದಂತೆ ಬಂದವು. ೨೦೦೯ರಲ್ಲಿ ಅವನನ್ನು ವ್ಯಸನಮುಕ್ತಿಯ ಚಿಕಿತ್ಸೆಗೆ ಕಳುಹಿಸಿದಾಗ ಹೊರಜಗತ್ತಿಗೆ ಹೇಳಿದ್ದು ತಲೆಯ ಪೆಟ್ಟು ಎಂದು. ೨೦೧೦ರ ಡಿಸೆಂಬರಿನಲ್ಲಿ ಆಟವಾದಲ್ಲಿ ನಡೆದ ಹೊಡೆದಾಟವೇ ಅವನ ಕೊನೆಯದು. ಆಮೇಲೆ ತಿಂಗಳುಗಟ್ಟಲೆ ಕತ್ತಲ ಕೋಣೆಯ ವಾಸ. ೨೦೧೧ರ ಮೇ ೧೩ರಂದು, ಮದ್ಯವೂ ಗುಳಿಗೆಯೂ ಬೆರೆತು, ಇಪ್ಪತ್ತೆಂಟರ ಪ್ರಾಯದಲ್ಲಿ ತೀರಿಕೊಂಡ. ಮನೆಯವರು ಅವನ ಮಿದುಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಕೊಟ್ಟರು. ಡಾ. ಆನ್ ಮೆಕೀ ಅವರು ಅದರಲ್ಲಿ ಸಿ.ಟಿ.ಇ. ಎಂಬ ರೋಗವನ್ನು, ಅದೂ ಆ ವಯಸ್ಸಿಗೆ ಬೆರಗಾಗುವಷ್ಟು ಮುಂದುವರಿದದ್ದನ್ನು, ಕಂಡರು. ಪದೇ ಪದೇ ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣುವ ಮಿದುಳಿನ ಸವೆತ ಅದು. ಮರೆವು, ಮುಂಗೋಪ, ಖಿನ್ನತೆ, ಕೊನೆಗೆ ಬುದ್ಧಿಮಾಂದ್ಯ ಅದರ ಫಲ. ಬದುಕಿರುವಾಗ ಖಚಿತವಾಗಿ ಹೇಳಲಾಗದ ಈ ರೋಗ ಸತ್ತ ಮೇಲೆ ಮಿದುಳನ್ನು ಸೀಳಿ ನೋಡಿದಾಗಲೇ ನಿಶ್ಚಯವಾಗುವುದು.

ಬ್ರಾಂಚ್ ಅವರ ಗದ್ಯದ ಗುಣವೆಂದರೆ ಸಂಯಮ. ಯಾರನ್ನೂ ಬೈಯುವುದಿಲ್ಲ, ಅತ್ತು ಕರೆಯುವುದಿಲ್ಲ. ಚಳಿಗಾಲದ ಕತ್ತಲಲ್ಲಿ ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ಬಯಲು ಸೀಮೆಯ ದಾರಿಯಲ್ಲಿ ಊರಿಂದೂರಿಗೆ ಹೋಗುವ ತಂದೆಯ ಚಿತ್ರ ಈ ಪುಸ್ತಕದ ಅತ್ಯುತ್ತಮ ಭಾಗಗಳಲ್ಲಿ ಒಂದು. ಹದಿನಾರರ ಹುಡುಗರು ಮನೆ ಬಿಟ್ಟು, ಪರ ಊರಿನ ಅಪರಿಚಿತರ ಮನೆಯಲ್ಲಿ ಉಂಡು ಮಲಗಿ ಆಟ ಕಲಿಯುವ ಪದ್ಧತಿಯನ್ನು ಅವರು ವಿವರಿಸುವಾಗ ವಾರಾನ್ನದ ಮನೆಗಳನ್ನೂ, ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮವರನ್ನೂ ನೆನೆಯದೆ ಇರುವುದು ಕಷ್ಟ. ವ್ಯತ್ಯಾಸ ಇಷ್ಟೆ: ನಮ್ಮ ಹುಡುಗರು ಕಲಿತ ವಿದ್ಯೆ ಅವರನ್ನು ಕಾಪಾಡಿತು.

ಆದರೆ ಸಂಯಮಕ್ಕೂ ಒಂದು ಎಲ್ಲೆಯಿದೆ. ಪುಸ್ತಕದ ನಡುಭಾಗದಲ್ಲಿ ಹೊಡೆದಾಟಗಳ ವಿವರ ಒಂದರ ಹಿಂದೊಂದು ಬರುತ್ತದೆ: ಯಾರು ಮೊದಲು ಅಂಗಿ ಹಿಡಿದ, ಯಾರ ಎಡಗೈ, ಯಾರ ಬಲಗೈ, ಜನ ಹೇಗೆ ಎದ್ದು ನಿಂತರು. ಬರೆದವರ ಉದ್ದೇಶ ಸಜ್ಜನರದ್ದು. ಓದುವ ನಮ್ಮ ನಾಡಿ ಮಾತ್ರ ಏರುತ್ತದೆ. ನಾವೂ ಆ ಜನರ ಜೊತೆ ಎದ್ದು ನಿಂತಿರುತ್ತೇವೆ. ಎರಡು ಅಧ್ಯಾಯ ಕಳೆದರೆ ಅದೇ ಮನುಷ್ಯನ ಶವದ ಮುಂದೆ ಕಣ್ಣೀರು. ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಒಂದೇ ದೇಹದಿಂದ ಮೊದಲು ರೌದ್ರವನ್ನೂ ಆಮೇಲೆ ಕರುಣವನ್ನೂ ಹಿಂಡಿಕೊಳ್ಳುತ್ತೇವೆ. ರಂಗದ ಮೇಲಿನ ಶೋಕ ಸಹೃದಯನಿಗೆ ಆನಂದವಾಗುವುದು ಹೇಗೆಂದು ನಮ್ಮ ಪ್ರಾಚೀನರು ಬಹಳ ಚರ್ಚಿಸಿದರು. ಆದರೆ ಅವರ ಮುಂದಿದ್ದದ್ದು ನಟ. ಯಕ್ಷಗಾನದ ಬಣ್ಣದ ವೇಷ ರಾತ್ರಿಯೆಲ್ಲ ಅಬ್ಬರಿಸಿ, ಬೆಳಗಿನ ಜಾವ ಚೌಕಿಗೆ ಹೋಗಿ ಬಣ್ಣ ಒರೆಸಿಕೊಂಡರೆ ಅಲ್ಲಿ ಉಳಿಯುವವನು ಒಬ್ಬ ಸಾಧು ಮನುಷ್ಯ. ಬೂಗಾರ್ಡನೂ ಸಾಧುವೇ. ಮಕ್ಕಳೆಂದರೆ ಪ್ರೀತಿ, ಆಸ್ಪತ್ರೆಯ ರೋಗಿಗಳನ್ನು ನೋಡಲು ಹೋಗುವವನು. ಆದರೆ ಅವನ ಬಣ್ಣ ಒರೆಸಿದರೆ ಹೋಗುವಂಥದ್ದಾಗಿರಲಿಲ್ಲ. ಅದು ಒಳಗಿಳಿದು ಮಿದುಳಿನಲ್ಲಿ ಕೂತಿತ್ತು.

ಹಾಗಿರುವಾಗ ನೋಡುವವನ, ಓದುವವನ ಹೊಣೆಯೇನು? ಬ್ರಾಂಚ್ ಈ ಪ್ರಶ್ನೆಯ ಹೊಸ್ತಿಲ ತನಕ ನಮ್ಮನ್ನು ಕರೆತಂದು ಅಲ್ಲಿಯೇ ಬಿಡುತ್ತಾರೆ. ೨೦೦೭ರಲ್ಲಿ ಬೂಗಾರ್ಡ್ ತನ್ನ ತಮ್ಮನ ಜೊತೆ ರಿಜೈನಾ ಊರಿನಲ್ಲಿ ಮಕ್ಕಳಿಗೆ ಹೊಡೆದಾಟ ಕಲಿಸುವ ಶಿಬಿರ ನಡೆಸಿದ ಸಂಗತಿಯನ್ನು ನೋಡಿ. ಪೆಟ್ಟು ತಪ್ಪಿಸಿಕೊಳ್ಳುವುದನ್ನು ಕಲಿಸುತ್ತೇವೆ ಎಂಬುದು ಅವರ ಸಮರ್ಥನೆ. ದುಡ್ಡು ಕೊಟ್ಟು ಮಕ್ಕಳನ್ನು ಕಳಿಸಿದವರು ತಂದೆತಾಯಿಗಳು. ಆ ತಂದೆತಾಯಿಗಳ ಮನಸ್ಸನ್ನು ಹೊಕ್ಕು ನೋಡುವ ಅವಕಾಶ ಲೇಖಕರಿಗಿತ್ತು. ಅವರು ಹೊಕ್ಕಿಲ್ಲ. ಯಾರ ಮೇಲೂ ತಪ್ಪು ಹೊರಿಸದ ಬರಹ ಕೆಲವೊಮ್ಮೆ ಎಲ್ಲರನ್ನೂ ತಪ್ಪಿನಿಂದ ಬಿಡಿಸಿಬಿಡುತ್ತದೆ. ಇದು ಈ ಒಳ್ಳೆಯ ಪುಸ್ತಕದ ದೋಷವೆಂದೇ ನಮ್ಮ ಅಭಿಪ್ರಾಯ.

ಕೆನ್ ಡ್ರೈಡನ್ ಈ ದೋಷಕ್ಕೆ ಸಿಕ್ಕುವವರಲ್ಲ. ೧೯೭೦ರ ದಶಕದಲ್ಲಿ ಮಾಂಟ್ರಿಯಲ್ ತಂಡದ ಗೋಲುಕಾವಲುಗಾರರಾಗಿ ಆರು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದವರು. ಆಟದ ನಡುವೆಯೇ ಕಾನೂನು ಓದಿದವರು. ಮುಂದೆ ಕೆನಡಾದ ಸಂಸತ್ ಸದಸ್ಯರಾಗಿ, ಮಂತ್ರಿಯಾಗಿ ಕೆಲಸ ಮಾಡಿ ೨೦೨೫ರಲ್ಲಿ ತೀರಿಕೊಂಡವರು. ಅವರ ೧೯೮೩ರ ‘ದ ಗೇಮ್’ ಆಟಗಾರನೊಬ್ಬ ಬರೆದ ಆತ್ಮಕಥನಗಳಲ್ಲಿ ಹೆಸರಾದದ್ದು. ‘ಗೇಮ್ ಚೇಂಜ್’ನಲ್ಲಿ ಅವರು ಹೇಳುವುದು ಸ್ಟೀವ್ ಮಾಂಟಡಾರ್ ಎಂಬ ರಕ್ಷಣಾ ಆಟಗಾರನ ಕತೆ. ಬೂಗಾರ್ಡನಂತೆ ಇವನು ಜಟ್ಟಿಯಲ್ಲ, ತಾರೆಯೂ ಅಲ್ಲ. ಆರು ತಂಡಗಳಲ್ಲಿ ಶ್ರಮದಿಂದ ಆಡಿ ಹೊಟ್ಟೆ ಹೊರೆದ ಸಾಮಾನ್ಯ ಆಟಗಾರ. ತಲೆಗೆ ಪೆಟ್ಟು ತಿಂದು ತಿಂದು ೨೦೧೨ರ ಹೊತ್ತಿಗೆ ನ್ಯಾಷನಲ್ ಹಾಕಿ ಲೀಗಿನಲ್ಲಿ ಅವನ ಆಟ ಮುಗಿಯಿತು. ೨೦೧೫ರ ಫೆಬ್ರವರಿಯಲ್ಲಿ, ಮೂವತ್ತೈದರ ವಯಸ್ಸಿನಲ್ಲಿ ತೀರಿಕೊಂಡ. ನಾಲ್ಕು ದಿನಗಳ ಮೇಲೆ ಅವನ ಮಗ ಹುಟ್ಟಿದ. ಇವನ ಮಿದುಳಿನಲ್ಲಿಯೂ ಸಿ.ಟಿ.ಇ. ಕಂಡಿತು.

ಡ್ರೈಡನ್ ಇಲ್ಲೊಂದು ಮುಖ್ಯ ಕೆಲಸ ಮಾಡುತ್ತಾರೆ. ಹೊಡೆದಾಟವನ್ನು ನಿಲ್ಲಿಸಿದರೆ ಎಲ್ಲ ಸರಿಹೋದೀತು ಎಂಬ ಸುಲಭದ ಸಮಾಧಾನವನ್ನು ಕಿತ್ತುಕೊಳ್ಳುತ್ತಾರೆ. ಅಪಾಯವಿರುವುದು ಆಟದ ವೇಗದಲ್ಲಿ. ಹಿಂದೆ ಒಬ್ಬ ಆಟಗಾರ ಒಮ್ಮೆ ಅಂಗಳಕ್ಕಿಳಿದರೆ ಎರಡು ನಿಮಿಷದಷ್ಟು ಹೊತ್ತು ಆಡುತ್ತಿದ್ದ. ದಣಿವಿನಿಂದಾಗಿ ಓಟ ತಾನಾಗಿ ನಿಧಾನವಾಗುತ್ತಿತ್ತು. ಈಗ ನಲವತ್ತು ಸೆಕೆಂಡಿಗೆಲ್ಲ ಹೊಸಬ ಇಳಿಯುತ್ತಾನೆ. ಯಾರೂ ದಣಿದಿರುವುದಿಲ್ಲ, ಯಾರೂ ನಿಧಾನಿಸುವುದಿಲ್ಲ. ಮೊಣಕೈಗೂ ಭುಜಕ್ಕೂ ರಕ್ಷೆಯೆಂದು ಕಟ್ಟಿದ ಗಟ್ಟಿ ಚಿಪ್ಪು ಎದುರಾಳಿಯ ತಲೆಗೆ ಆಯುಧವಾಗುತ್ತದೆ. ಹೆಲ್ಮೆಟು ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಬುರುಡೆಯ ಒಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಕೊಡದಲ್ಲಿ ತುಂಬಿದ ನೀರಿನಂತೆ, ಕೊಡ ಗಟ್ಟಿಯಾಗಿದ್ದರೂ ಕುಲುಕಿದಾಗ ಒಳಗಿನದು ಕುಲುಕಿಯೇ ತೀರಬೇಕು.

ಅವರು ಸೂಚಿಸುವ ಪರಿಹಾರ ಸರಳ. ಕೋಲು ಎದುರಾಳಿಯ ಮುಖಕ್ಕೆ ತಾಗಿದರೆ, ಬೇಕೆಂದು ಹೊಡೆದದ್ದೋ ಅರಿಯದೆ ತಾಗಿದ್ದೋ ಎಂದು ಯಾರೂ ವಿಚಾರಿಸುವುದಿಲ್ಲ. ನಿನ್ನ ಕೋಲಿಗೆ ನೀನೇ ಹೊಣೆ ಎಂದು ಶಿಕ್ಷೆ ಕೊಡುತ್ತಾರೆ. ಕೋಲಿಗೆ ಇರುವ ಈ ನಿಯಮ ಮೈಗೇಕಿಲ್ಲ? ತಲೆಗೆ ತಾಗಿತೋ, ತಪ್ಪು, ನೆಪ ಬೇಡ. ಲೀಗು ೨೦೧೦ರಲ್ಲಿ ತಲೆಯ ಮೇಲಿನ ಹೊಡೆತಕ್ಕೆ ನಿಯಮ ತಂದದ್ದು ನಿಜ. ಆದರೆ ಅದರಲ್ಲಿ ಉದ್ದೇಶವಿತ್ತೇ, ತಪ್ಪಿಸಬಹುದಾಗಿತ್ತೇ ಎಂಬ ಕಿಂಡಿಗಳು ಉಳಿದಿವೆ. ೧೯೯೩ರಿಂದ ಲೀಗಿನ ಆಯುಕ್ತರಾದ ಗ್ಯಾರಿ ಬೆಟ್‌ಮನ್ ಮನಸ್ಸು ಮಾಡಿದರೆ ಆ ಕಿಂಡಿಗಳನ್ನು ಮುಚ್ಚಬಹುದು ಎಂದು ಡ್ರೈಡನ್ ಹೆಸರು ಹಿಡಿದು ಕೇಳುತ್ತಾರೆ. ಅವರ ಮಾತಿನಲ್ಲಿ ಕೋಪವಿಲ್ಲ, ಬಿಗುವಿದೆ. ಹಿರಿಯ ವಕೀಲರೊಬ್ಬರು ನ್ಯಾಯಾಲಯದಲ್ಲಿ ನಿಂತು ಮಾತನಾಡಿದಂತಿದೆ.

ಇಷ್ಟಾದರೂ ಪುಸ್ತಕವಾಗಿ ‘ಗೇಮ್ ಚೇಂಜ್’ ‘ಬಾಯ್ ಆನ್ ಐಸ್’ನಷ್ಟು ಗಟ್ಟಿಯಲ್ಲ ಎಂದು ಒಪ್ಪಬೇಕು. ಮಾಂಟಡಾರನ ಬದುಕು, ಆಟದ ಇತಿಹಾಸ, ವಿಜ್ಞಾನಿಗಳ ಭೇಟಿ ಎಂಬ ಮೂರು ಎಳೆಗಳು ಚೆನ್ನಾಗಿ ಹೆಣೆದುಕೊಳ್ಳುವುದಿಲ್ಲ. ಮನುಷ್ಯ ಕಣ್ಣಿಗೆ ಕಟ್ಟುವ ಹೊತ್ತಿಗೆ ವಾದ ಬಂದು ಅಡ್ಡ ನಿಲ್ಲುತ್ತದೆ. ವಾದದಲ್ಲಿಯೂ ಒಂದು ಮುಗ್ಧತೆಯಿದೆ: ಒಬ್ಬ ಅಧಿಕಾರಿ ಸತ್ಯ ತಿಳಿದರೆ ಸರಿಯಾದುದನ್ನೇ ಮಾಡಿಯಾನು ಎಂಬ ನಂಬಿಕೆ. ಈ ಆಟದ ಚರಿತ್ರೆ ಆ ನಂಬಿಕೆಗೆ ಆಸರೆ ಕೊಡುವುದಿಲ್ಲ.

ಆ ಚರಿತ್ರೆಯನ್ನು ಸ್ವಲ್ಪ ನೋಡೋಣ. ೧೯೫೯ರ ನವೆಂಬರ್ ೧ರಂದು ಬಿಲ್ಲೆ ಬಡಿದು ಮುಖ ಸೀಳಿದ ಮೇಲೆ ಜಾಕ್ ಪ್ಲಾಂಟ್ ಎಂಬ ಗೋಲುಕಾವಲುಗಾರ ಮುಖವಾಡ ತೊಟ್ಟೇ ಆಡುವೆನೆಂದು ಹಟ ಹಿಡಿದ. ಹೇಡಿ ಎಂದು ನಕ್ಕರು. ೧೯೬೮ರ ಜನವರಿಯಲ್ಲಿ ಬಿಲ್ ಮಾಸ್ಟರ್‌ಟನ್ ಮಂಜಿನ ಮೇಲೆ ತಲೆ ಬಡಿದು ಎರಡು ದಿನಗಳಲ್ಲಿ ಸತ್ತ. ಈ ಲೀಗಿನ ಪಂದ್ಯದ ಪೆಟ್ಟಿನಿಂದಲೇ ಸತ್ತ ಏಕೈಕ ಆಟಗಾರ ಅವನು. ಹೆಲ್ಮೆಟು ಕಡ್ಡಾಯವಾದದ್ದು ಹನ್ನೊಂದು ವರ್ಷಗಳ ಮೇಲೆ, ೧೯೭೯ರಲ್ಲಿ. ಅದೂ ಹೊಸದಾಗಿ ಸೇರುವವರಿಗೆ ಮಾತ್ರ. ಬರಿದಲೆಯ ಕೊನೆಯ ಆಟಗಾರ ನಿವೃತ್ತನಾದದ್ದು ೧೯೯೭ರಲ್ಲಿ. ೨೦೦೦ದಲ್ಲಿ ಬ್ರಯನ್ ಬೆರಾರ್ಡ್ ಎಂಬವನ ಕಣ್ಣಿಗೆ ಕೋಲು ತಾಗಿ ದೃಷ್ಟಿ ಹೋಗುವಂತಾಯಿತು. ಕಣ್ಣಿನ ಗಾಜು ಕಡ್ಡಾಯವಾದದ್ದು ೨೦೧೩ರಲ್ಲಿ, ಮತ್ತೆ ಹೊಸಬರಿಗೆ ಮಾತ್ರ. ೧೯೮೯ರಲ್ಲಿ ಬೂಟಿನ ಅಲಗು ಕ್ಲಿಂಟ್ ಮಲಾರ್ಚಕ್‌ನ ಕೊರಳ ರಕ್ತನಾಳವನ್ನು ಕೊಯ್ದಾಗ, ವಿಯೆಟ್ನಾಂ ಯುದ್ಧದಲ್ಲಿ ಶುಶ್ರೂಷೆ ಮಾಡಿ ಅನುಭವವಿದ್ದ ತಂಡದ ಸಹಾಯಕ ಕೈಯಿಂದ ಒತ್ತಿ ಹಿಡಿದದ್ದರಿಂದ ಅವನು ಬದುಕಿದ. ೨೦೨೩ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಡುತ್ತಿದ್ದ ಆಡಂ ಜಾನ್ಸನ್ ಹಾಗೆ ಬದುಕಲಿಲ್ಲ. ಆಮೇಲೆಯೇ, ೨೦೨೫ರ ಒಪ್ಪಂದದಲ್ಲಿ, ೨೦೨೬–೨೭ರ ಋತುವಿನಿಂದ ಲೀಗು ಸೇರುವವರಿಗೆ ಕೊರಳಪಟ್ಟಿ ಕಡ್ಡಾಯವೆಂದು ಗೊತ್ತುಮಾಡಿದ್ದು. ಈ ಸಲವೂ ಹೊಸಬರಿಗೆ ಮಾತ್ರ.

ಮೂರು ಸಲವೂ ಕ್ರಮ ಒಂದೇ. ರಕ್ತ ಕಾಣಬೇಕು, ಕಾಲ ಸರಿಯಬೇಕು, ಆಮೇಲೆ ಮುಂದಿನ ತಲೆಮಾರಿಗೆ ರಕ್ಷೆ. ಇದ್ದವರು ಇದ್ದಂತೆಯೇ. ಕಣ್ಣಿಗೆ ಕಾಣುವ ಗಾಯಕ್ಕೇ ಇಷ್ಟು ಸಾವಕಾಶವಾದರೆ, ಸತ್ತ ಮೇಲಷ್ಟೇ ಕಾಣುವ ಗಾಯದ ಪಾಡೇನು? ನಿವೃತ್ತ ಆಟಗಾರರು ಹೂಡಿದ ದಾವೆ ೨೦೧೮ರಲ್ಲಿ ರಾಜಿಯಾಗಿ, ೩೧೮ ಜನರ ಪಾಲಿಗೆ ಸುಮಾರು ೧೮೯ ಲಕ್ಷ ಡಾಲರು ಬಂತು. ಲೀಗು ತಪ್ಪೊಪ್ಪಿಕೊಳ್ಳಲಿಲ್ಲ. ತಲೆಯ ಪೆಟ್ಟಿಗೂ ಸಿ.ಟಿ.ಇ.ಗೂ ಇರುವ ಸಂಬಂಧ ಇನ್ನೂ ಸಿದ್ಧವಾಗಿಲ್ಲ ಎಂಬುದು ಅದರ ವಾದ. ದಾನವಾಗಿ ಬರುವ ಮಿದುಳುಗಳು ಹೆಚ್ಚಾಗಿ ತೊಂದರೆಪಟ್ಟವರವೇ ಆದ್ದರಿಂದ, ಆಟಗಾರರಲ್ಲಿ ಇಂತಿಷ್ಟು ಜನರಿಗೆ ಈ ರೋಗವಿದೆ ಎಂದು ಎಣಿಸಿ ಹೇಳಲಾಗದು. ಆ ಮಟ್ಟಿಗೆ ಎಚ್ಚರಿಕೆ ಸರಿ. ಆದರೆ ೨೦೨೪ರಲ್ಲಿ ಬಾಸ್ಟನ್ನಿನವರು ೭೭ ಐಸ್ ಹಾಕಿ ಆಟಗಾರರ ಮಿದುಳುಗಳನ್ನು ಪರೀಕ್ಷಿಸಿ, ಆಡಿದ ವರ್ಷಗಳು ಹೆಚ್ಚಿದಷ್ಟೂ ರೋಗದ ಸಂಭವ ಹೆಚ್ಚುತ್ತದೆಂದು ತೋರಿಸಿದ್ದಾರೆ. ಖಚಿತವಾಗಲಿ ಎಂದು ಕಾಯುವುದೂ ಒಂದು ತೀರ್ಮಾನವೇ. ಅದರ ಬೆಲೆಯನ್ನು ತೆರುವವರು ಮಾತ್ರ ಕಾಯಿಸುವವರಲ್ಲ.

ಹೀಗೆ ನೋಡಿದರೆ ಎರಡು ಪುಸ್ತಕಗಳೂ ಒಂದಕ್ಕೊಂದು ಬೇಕು. ಬ್ರಾಂಚ್ ಒಬ್ಬ ಮನುಷ್ಯನನ್ನು ಕೊಡುತ್ತಾರೆ, ಹೊಣೆಯನ್ನು ಕೇಳುವುದಿಲ್ಲ. ಡ್ರೈಡನ್ ಹೊಣೆಯನ್ನು ಕೇಳುತ್ತಾರೆ, ಆದರೆ ಅದನ್ನು ಒಂದೇ ಬಾಗಿಲಿಗೆ ಒಯ್ದು ಕಟ್ಟುತ್ತಾರೆ. ಸಾವಿರಾರು ಜನ ಟಿಕೆಟು ಕೊಂಡು ಬಂದು, ಕೈಗವಸು ಬಿದ್ದೊಡನೆ ಎದ್ದು ನಿಲ್ಲುವುದನ್ನು ಆಯುಕ್ತರೊಬ್ಬರು ನಿಲ್ಲಿಸಲಾರರು. ಈಚಿನ ವರ್ಷಗಳಲ್ಲಿ ಲೀಗಿನಲ್ಲಿ ಹೊಡೆದಾಟ ಬಹಳ ಕಡಿಮೆಯಾಗಿದೆ. ಕಾವಲಿನ ಜಟ್ಟಿಯ ಉದ್ಯೋಗ ಹೆಚ್ಚುಕಡಿಮೆ ಅಳಿದಿದೆ. ಹಾಗೆಂದು ಜನ ಆಟ ನೋಡುವುದನ್ನು ಬಿಟ್ಟಿಲ್ಲ. ಜಟ್ಟಿಯಿಲ್ಲದೆ ಆಟವಿಲ್ಲ ಎಂದು ಸಾರಿದ್ದವರ ಮಾತು ಸುಳ್ಳಾಯಿತು. ಆ ಸುಳ್ಳಿಗೆ ಬೂಗಾರ್ಡ್ ತೆತ್ತದ್ದು ಇಪ್ಪತ್ತೆಂಟು ವರ್ಷದ ಒಂದು ಬಾಳು.

ಒಂದನ್ನೇ ಓದಲು ಪುರುಸೊತ್ತಿರುವವರಿಗೆ ನಾವು ಬ್ರಾಂಚ್ ಅವರ ಪುಸ್ತಕವನ್ನೇ ಹೇಳುತ್ತೇವೆ. ದೋಷವಿದ್ದರೂ ಅದು ಮನಸ್ಸಿನಲ್ಲಿ ಉಳಿಯುತ್ತದೆ. ಪರದೇಶದಲ್ಲಿರುವ ಮಕ್ಕಳು ಮೊಮ್ಮಗನ ಕೈಗೆ ಕೋಲು ಕೊಡುವ ಮುನ್ನ ಓದಬೇಕಾದದ್ದು ಡ್ರೈಡನ್ ಅವರದ್ದು. ಆಡಬೇಡವೆನ್ನಲು ಅಲ್ಲ, ಎಂಥ ನಿಯಮವಿರುವಲ್ಲಿ ಆಡಿಸಬೇಕು, ತಲೆಗೆ ಪೆಟ್ಟಾದ ದಿನ ಮಗುವನ್ನು ಅಂಗಳದಿಂದ ಹೊರಗೆ ತರಲು ಯಾರ ಅಪ್ಪಣೆಯನ್ನೂ ಕಾಯಬಾರದು ಎಂದು ತಿಳಿಯಲು. ಎರಡನ್ನೂ ಓದುವವರು ಹೊಡೆದಾಟದ ಪುಟಗಳಿಗೆ ಬಂದಾಗ ಒಂದು ಗಳಿಗೆ ಪುಸ್ತಕ ಮುಚ್ಚಿ, ತಮ್ಮ ಎದೆ ಏಕೆ ಹೊಡೆದುಕೊಳ್ಳುತ್ತಿದೆ ಎಂದು ಕೇಳಿಕೊಳ್ಳಲಿ. ನಾವು ಕೇಳಿಕೊಂಡೆವು. ಉತ್ತರ ಹಿತವಾಗಿರಲಿಲ್ಲ.